ಪಾಸ್‌ವರ್ಡ್ ಬದಲಿಸಿದ ಮೇಲೂ ಕಳ್ಳ ಒಳಗೇ ಇರಬಹುದು

2024ರ ಜನವರಿ 3ರಂದು ಸ್ಪೇನ್ ದೇಶದಲ್ಲಿ ಆರೆಂಜ್ ಕಂಪನಿಯ ಇಂಟರ್ನೆಟ್ ಸುಮಾರು ಮೂರು ಗಂಟೆ ಕುಂಟಿತು. ಕೇಬಲ್ ಕಡಿದಿರಲಿಲ್ಲ, ಸರ್ವರ್ ಸುಟ್ಟಿರಲಿಲ್ಲ. ಯುರೋಪಿನ ಐಪಿ ವಿಳಾಸಗಳ ಲೆಕ್ಕ ಇಡುವ ರೈಪ್ ಎಂಬ ಸಂಸ್ಥೆಯಲ್ಲಿ ಆರೆಂಜ್‌ಗೆ ಒಂದು ಖಾತೆ ಇತ್ತು. ಯಾರೋ ಆ ಖಾತೆಗೆ ಸರಿಯಾದ ಪಾಸ್‌ವರ್ಡ್ ಕೊಟ್ಟೇ ಒಳಗೆ ಹೋಗಿ, ಯಾವ ವಿಳಾಸ ಯಾವ ಜಾಲಕ್ಕೆ ಸೇರಿದ್ದು ಎಂಬ ದಾಖಲೆಯನ್ನು ತಿರುಚಿಬಿಟ್ಟಿದ್ದರು. ಆ ಪಾಸ್‌ವರ್ಡ್ ಏನು ಗೊತ್ತಾ? 'ರೈಪ್‌ಅಡ್ಮಿನ್'. ಅದರ ಮೇಲೆ ಓಟಿಪಿ ಥರದ ಎರಡನೇ ತಪಾಸಣೆಯೂ ಇರಲಿಲ್ಲ.

ಸುದ್ದಿ ಓದಿದವರೆಲ್ಲ ಆ ಪಾಸ್‌ವರ್ಡ್ ನೋಡಿ ನಕ್ಕರು. ನಾನೂ ನಕ್ಕೆ. ಆಮೇಲೆ ಹೊರಬಂದ ವಿವರ ಮಾತ್ರ ನಗುವಂಥದ್ದಲ್ಲ. ಅಲ್ಲಿ ಊಹಿಸುವ ಕೆಲಸವೇ ಬಿದ್ದಿರಲಿಲ್ಲ. 2023ರ ಸೆಪ್ಟೆಂಬರ್‌ನಲ್ಲೇ ಉದ್ಯೋಗಿಯೊಬ್ಬರ ಕಂಪ್ಯೂಟರಿಗೆ ರಕೂನ್ ಎಂಬ ಇನ್ಫೋಸ್ಟೀಲರ್, ಅಂದರೆ ಮಾಹಿತಿ ಕದಿಯುವ ಮಾಲ್‌ವೇರ್, ಹೊಕ್ಕು, ಬ್ರೌಸರಿನಲ್ಲಿದ್ದ ಲಾಗಿನ್‌ಗಳನ್ನೆಲ್ಲ ಬಾಚಿಕೊಂಡು ಹೋಗಿತ್ತು. ಅಂದರೆ ಅಲ್ಲಿ ನಲವತ್ತು ಅಕ್ಷರದ, ಅಂಕಿ ಚಿಹ್ನೆ ಎಲ್ಲ ಬೆರೆಸಿದ ಪಾಸ್‌ವರ್ಡ್ ಇದ್ದಿದ್ದರೂ ಅಷ್ಟೇ ಸಲೀಸಾಗಿ ಹೋಗುತ್ತಿತ್ತು. ನಕಲು ಹೊಡೆಯುವವನಿಗೆ ಉದ್ದವೂ ಒಂದೇ, ಗಿಡ್ಡವೂ ಒಂದೇ ಅಲ್ವಾ?

ಆನ್‌ಲೈನ್‌ನಲ್ಲಿ ವ್ಯವಹಾರ ನಡೆಸುವ ಎಷ್ಟೋ ಕಂಪನಿಗಳು ಇವತ್ತಿಗೂ ಪಾಸ್‌ವರ್ಡ್ ಗಟ್ಟಿ ಇದೆಯಾ, ದೊಡ್ಡಕ್ಷರ ಹಾಕಿದ್ದಾರಾ, ತೊಂಬತ್ತು ದಿನಕ್ಕೊಮ್ಮೆ ಬದಲಿಸಿದ್ದಾರಾ ಅಂತಲೇ ತಲೆ ಕೆಡಿಸಿಕೊಂಡಿವೆ. ನನ್ನ ಪ್ರಕಾರ ಆ ಪ್ರಶ್ನೆಗಳ ಕಾಲ ಮುಗಿಯಿತು. ಯಾರದ್ದೋ ಒಬ್ಬರ ಲಾಗಿನ್ ಒಂದಲ್ಲ ಒಂದು ದಿನ ಕಳವಾಗಿಯೇ ಆಗುತ್ತದೆ. ಕದ್ದ ಮಾಲು ಎಷ್ಟು ದಿನ ಚಾಲ್ತಿಯಲ್ಲಿ ಇರುತ್ತದೆ ಅನ್ನುವುದನ್ನು ಕೇಳಬೇಕು. ಆರೆಂಜ್ ವಿಷಯದಲ್ಲಿ ಅದು ನಾಲ್ಕು ತಿಂಗಳು ಚಾಲ್ತಿಯಲ್ಲಿತ್ತು. ಇನ್ನೊಂದು ಕಡೆ ವರ್ಷಗಟ್ಟಲೆ ಇತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ಬಂದು, ಬಾಚಿ, ಹೋಗುವುದು

ಹಳೇ ವೈರಸ್‌ಗಳ ಹಾಗೆ ಇನ್ಫೋಸ್ಟೀಲರ್ ಕಂಪ್ಯೂಟರಿನಲ್ಲಿ ಬೀಡು ಬಿಡುವುದು ಕಡಿಮೆ. ಫೈಲ್‌ಗಳಿಗೆ ಬೀಗ ಜಡಿದು ದುಡ್ಡು ಕೇಳುವುದೂ ಅದರ ಕೆಲಸ ಅಲ್ಲ. ಬ್ರೌಸರ್ ಉಳಿಸಿಟ್ಟ ಪಾಸ್‌ವರ್ಡ್‌ಗಳು, ಕುಕೀಗಳು, ಫಾರ್ಮ್ ತುಂಬಲು ನೆನಪಿಟ್ಟುಕೊಂಡ ಹೆಸರು, ವಿಳಾಸ, ಕಾರ್ಡ್ ವಿವರ, ಕ್ರಿಪ್ಟೋ ವಾಲೆಟ್, ಟೆಲಿಗ್ರಾಮ್ ಮತ್ತು ಡಿಸ್ಕಾರ್ಡ್‌ನ ಲಾಗಿನ್, ಫೈಲ್‌ಜಿಲ್ಲಾದಂಥ ಸಾಫ್ಟ್‌ವೇರಿನಲ್ಲಿ ಉಳಿಸಿಟ್ಟ ಸರ್ವರ್ ವಿವರ, ಡೆಸ್ಕ್‌ಟಾಪಿನಲ್ಲಿ ಬಿದ್ದಿರುವ ಟೆಕ್ಸ್ಟ್ ಫೈಲ್, ಕೊನೆಗೆ ಆ ಕ್ಷಣಕ್ಕೆ ಪರದೆ ಮೇಲೆ ಏನಿತ್ತು ಅನ್ನುವ ಒಂದು ಸ್ಕ್ರೀನ್‌ಶಾಟ್, ಇಷ್ಟನ್ನೂ ಗಂಟು ಕಟ್ಟಿ ತನ್ನ ಯಜಮಾನನಿಗೆ ಕಳಿಸುತ್ತದೆ. ಎಷ್ಟೋ ಸಲ ಆಮೇಲೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಇಷ್ಟಕ್ಕೆ ಕೆಲವು ನಿಮಿಷ ಸಾಕು. ಮರುದಿನ ಆಂಟಿವೈರಸ್ ಓಡಿಸಿದಾಗ 'ಏನೂ ಸಿಗಲಿಲ್ಲ' ಅಂತ ಬಂದರೆ ಖುಷಿಪಡುವ ಹಾಗಿಲ್ಲ. ಕಳ್ಳ ಹೋದ ಮೇಲೆ ಮನೆ ಹುಡುಕಿದರೆ ಕಳ್ಳ ಸಿಗುವುದಿಲ್ಲ.

ಬ್ರೌಸರ್ ಪಾಸ್‌ವರ್ಡ್‌ಗಳನ್ನು ಗೂಢಲಿಪಿಯಲ್ಲಿ ಇಡುತ್ತದಲ್ಲ, ಮತ್ತೆ ಹೇಗೆ ಓದುತ್ತಾರೆ ಅಂತ ಕೇಳಬಹುದು. ಇಡುತ್ತದೆ ನಿಜ. ಆದರೆ ವಿಂಡೋಸ್‌ನಲ್ಲಿ ಆ ಗೂಢಲಿಪಿಯ ಕೀಲಿ ಕಂಪ್ಯೂಟರಿಗೆ ಲಾಗಿನ್ ಆಗಿರುವ ವ್ಯಕ್ತಿಯ ಹೆಸರಿಗೆ ಕಟ್ಟಿರುತ್ತದೆ. ನೀವು ಲಾಗಿನ್ ಆಗಿದ್ದೀರಿ, ನಿಮ್ಮ ಹೆಸರಿನಲ್ಲಿ ಓಡುವ ಯಾವುದೇ ಪ್ರೋಗ್ರಾಂ ಬಂದು 'ಇದನ್ನು ಬಿಡಿಸಿ ಕೊಡು' ಅಂದರೆ ವಿಂಡೋಸ್ ಬಿಡಿಸಿ ಕೊಡುತ್ತದೆ. ಕೇಳುತ್ತಿರುವುದು ಬ್ರೌಸರೋ ಬೇರೆ ಯಾವುದೋ ಅಂತ ನೋಡುತ್ತಲೇ ಇರಲಿಲ್ಲ. 2024ರ ಜುಲೈನಲ್ಲಿ ಬಂದ ಕ್ರೋಮ್ 127ನೇ ಆವೃತ್ತಿಯಲ್ಲಿ ಗೂಗಲ್ ಇದಕ್ಕೆ ಒಂದು ಬೇಲಿ ಹಾಕಿತು: ಕ್ರೋಮ್ ಕೇಳಿದರೆ ಮಾತ್ರ ಕುಕೀ ಬಿಡಿಸಿ ಕೊಡುವ ವ್ಯವಸ್ಥೆ. ಸೆಪ್ಟೆಂಬರ್ ಹೊತ್ತಿಗೆ ದೊಡ್ಡ ಸ್ಟೀಲರ್‌ಗಳವರು 'ನಾವು ಅದನ್ನೂ ದಾಟಿದ್ದೇವೆ' ಅಂತ ಜಾಹೀರಾತು ಹಾಕಿಕೊಂಡರು. ಬೇಲಿ ಪೂರ್ತಿ ವ್ಯರ್ಥ ಅನ್ನಲಾರೆ. ದಾಟಲು ಈಗ ಜಾಸ್ತಿ ಸದ್ದು ಮಾಡಬೇಕಾಗುತ್ತದೆ, ಹಾಗಾಗಿ ಸಿಕ್ಕಿಬೀಳುವ ಸಂಭವವೂ ಜಾಸ್ತಿ.

ಒಳಗೆ ಬರುವ ದಾರಿಗಳು ಹಳೆಯವೇ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್, ಗೇಮ್‌ಗಳ ಚೀಟ್, ಯೂಟ್ಯೂಬ್ ವಿಡಿಯೋ ಕೆಳಗಿನ ಲಿಂಕ್, ಹುಡುಕಾಟದಲ್ಲಿ ಎಲ್ಲಕ್ಕಿಂತ ಮೇಲೆ ಬರುವ ನಕಲಿ ಜಾಹೀರಾತು, ಈಚೆಗೆ ಎಐ ಟೂಲ್ ಹೆಸರಿನ ನಕಲಿ ಇನ್‌ಸ್ಟಾಲರ್. 2024ರಿಂದ ಜೋರಾದ ಒಂದು ಉಪಾಯ ಮಾತ್ರ ಬೇರೆಯೇ ಥರದ್ದು, ಕ್ಲಿಕ್‌ಫಿಕ್ಸ್ ಅಂತ ಕರೆಯುತ್ತಾರೆ. ಯಾವುದೋ ಪುಟ ತೆರೆದರೆ 'ನೀವು ಮನುಷ್ಯರೇ ಎಂದು ಖಚಿತಪಡಿಸಿ' ಎಂಬ ಪೆಟ್ಟಿಗೆ ಬರುತ್ತದೆ. ಒತ್ತಿದರೆ ಮೂರು ಹೆಜ್ಜೆ ಹೇಳಿಕೊಡುತ್ತದೆ: ವಿಂಡೋಸ್ ಕೀ ಮತ್ತು ಆರ್ ಒತ್ತಿ, ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಒತ್ತಿ. ನೀವು ಪೆಟ್ಟಿಗೆ ಒತ್ತಿದಾಗಲೇ ಒಂದು ಆಜ್ಞೆ ನಿಮ್ಮ ಕ್ಲಿಪ್‌ಬೋರ್ಡಿಗೆ ಬಂದು ಕೂತಿರುತ್ತದೆ. ನೀವೇ ಅದನ್ನು ಅಂಟಿಸಿ, ನೀವೇ ಓಡಿಸುತ್ತೀರಿ. ಬ್ರೌಸರಿನ 'ಈ ಫೈಲ್ ಅಪಾಯಕಾರಿ' ಎಂಬ ಎಚ್ಚರಿಕೆಗೆ ಅಲ್ಲಿ ಅವಕಾಶವೇ ಇಲ್ಲ, ಯಾಕೆಂದರೆ ಯಾವ ಫೈಲನ್ನೂ ನೀವು ಡೌನ್‌ಲೋಡ್ ಮಾಡಿಲ್ಲ. ಕ್ಯಾಪ್ಚಾಗಳಿಗೆ ಬೇಸತ್ತು, ಬಸ್ಸು ಸಿಗ್ನಲ್ ಚಿತ್ರಗಳನ್ನು ಒತ್ತಿ ಒತ್ತಿ ಸುಸ್ತಾದ ಜನ ಇದನ್ನೂ ಒಂದು ಹೊಸ ಕ್ಯಾಪ್ಚಾ ಅಂದುಕೊಂಡು ಮಾಡಿಬಿಡುತ್ತಾರೆ. ಅವರನ್ನು ಪೆದ್ದರು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಮ್ಯಾಕ್ ಇದೆ, ನಮಗೇನು ಚಿಂತೆ ಅನ್ನುವವರಿಗೆ ಒಂದು ಮಾತು: ಅಟಾಮಿಕ್ ಎಂಬ ಸ್ಟೀಲರ್ 2023ರಿಂದಲೂ ಮ್ಯಾಕ್‌ಗೆಂದೇ ಮಾರಾಟಕ್ಕಿದೆ. ಅದು ನಕಲಿ ಪೆಟ್ಟಿಗೆ ತೋರಿಸಿ ನಿಮ್ಮಿಂದಲೇ ಸಿಸ್ಟಂ ಪಾಸ್‌ವರ್ಡ್ ಕೇಳಿ ಪಡೆಯುತ್ತದೆ.

ನಿಮ್ಮ ಮೇಲೆ ಗುರಿ ಇಟ್ಟವರು ಯಾರೂ ಇಲ್ಲ

'ನಮ್ಮದು ಸಣ್ಣ ಕಂಪನಿ, ನಮ್ಮ ಮೇಲೆ ಯಾರು ಕಣ್ಣು ಹಾಕುತ್ತಾರೆ' ಎಂಬ ಮಾತು ಮೀಟಿಂಗುಗಳಲ್ಲಿ ನೂರು ಸಲ ಕೇಳಿದ್ದೇನೆ. ಕಣ್ಣು ಹಾಕಿರುವುದಿಲ್ಲ, ನಿಜ. ಹಾಕುವ ಅಗತ್ಯವೂ ಇಲ್ಲ.

ಈ ದಂಧೆಯಲ್ಲಿ ಕೆಲಸ ಹಂಚಿಹೋಗಿದೆ. ಸ್ಟೀಲರ್ ಬರೆಯುವವನು ಬೇರೆ, ಅವನು ಅದನ್ನು ಬಾಡಿಗೆಗೆ ಕೊಡುತ್ತಾನೆ. ಲುಮ್ಮಾ ಎಂಬ ಸ್ಟೀಲರ್‌ನ ಬಾಡಿಗೆ ತಿಂಗಳಿಗೆ 250 ಡಾಲರಿನಿಂದ ಶುರುವಾಗಿ 1000 ಡಾಲರ್‌ವರೆಗೆ ಇತ್ತು, ಯಾವುದೋ ಮಾಮೂಲಿ ಆಫೀಸ್ ಸಾಫ್ಟ್‌ವೇರಿನ ಚಂದಾ ಪ್ಯಾಕೇಜ್ ಇದ್ದ ಹಾಗೆ. ಬಾಡಿಗೆಗೆ ತೆಗೆದುಕೊಂಡು ಸಿಕ್ಕಸಿಕ್ಕ ಕಂಪ್ಯೂಟರಿಗೆ ಹರಡುವವನು ಇನ್ನೊಬ್ಬ. ಅವನಿಗೆ ನಿಮ್ಮ ಕಂಪನಿ ಇದೆ ಅನ್ನುವುದೂ ಗೊತ್ತಿಲ್ಲ. ಒಂದೊಂದು ಕಂಪ್ಯೂಟರಿನಿಂದ ಬಂದ ಗಂಟಿಗೆ ಆ ವಲಯದಲ್ಲಿ 'ಲಾಗ್' ಅನ್ನುತ್ತಾರೆ. ಲಾಗ್‌ಗಳು ಅಂಗಡಿಗೆ ಬರುತ್ತವೆ, ಒಂದಕ್ಕೆ ಹತ್ತು ಡಾಲರ್ ಆಸುಪಾಸು. ಹಳೆಯವನ್ನು ಟೆಲಿಗ್ರಾಮ್ ಚಾನೆಲ್‌ಗಳಲ್ಲಿ ಸುಮ್ನೆ ಹಂಚಿಬಿಡುತ್ತಾರೆ. ಕೊಳ್ಳುವವನು ಮೂರನೆಯವನು. ಅವನು ಹುಡುಕಾಟದ ಪೆಟ್ಟಿಗೆಯಲ್ಲಿ ಒಂದು ಡೊಮೇನ್ ಹೆಸರೋ, 'ವಿಪಿಎನ್', 'ಅಡ್ಮಿನ್' ಎಂಬ ಪದವೋ ಹಾಕಿ ನೋಡುತ್ತಾನೆ. ನಿಮ್ಮ ಕಂಪನಿ ಅವನ ಕಣ್ಣಿಗೆ ಬೀಳುವುದು ಆಗ. ಅಲ್ಲಿಯವರೆಗೆ ಅದು ಯಾರದ್ದೋ ಮನೆಯ ಕಂಪ್ಯೂಟರಿನಲ್ಲಿ ಯಾರೋ ಗೇಮ್ ಚೀಟ್ ಹಾಕಿಕೊಂಡ ಕಥೆ ಅಷ್ಟೇ.

ಪೊಲೀಸರು ಸುಮ್ಮನೆ ಕೂತಿಲ್ಲ. 2023ರ ಏಪ್ರಿಲ್‌ನಲ್ಲಿ ಜೆನೆಸಿಸ್ ಮಾರ್ಕೆಟ್ ಎಂಬ ದೊಡ್ಡ ಅಂಗಡಿ ಮುಚ್ಚಿಸಿದರು. 2024ರ ಅಕ್ಟೋಬರ್‌ನಲ್ಲಿ ರೆಡ್‌ಲೈನ್ ಮತ್ತು ಮೆಟಾ ಸ್ಟೀಲರ್‌ಗಳ ಸರ್ವರ್ ಹಿಡಿದರು. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್, ಅಮೆರಿಕದ ನ್ಯಾಯ ಇಲಾಖೆ, ಯುರೋಪೋಲ್ ಎಲ್ಲ ಸೇರಿ ಲುಮ್ಮಾದ ಸುಮಾರು 2,300 ಡೊಮೇನ್ ಕಿತ್ತುಕೊಂಡವು. ಅದಕ್ಕೆ ಹಿಂದಿನ ಎರಡೇ ತಿಂಗಳಲ್ಲಿ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಲುಮ್ಮಾ ಸಿಕ್ಕಿತ್ತು ಎಂದು ಮೈಕ್ರೋಸಾಫ್ಟ್ ಲೆಕ್ಕ ಕೊಟ್ಟಿತು. ಕೆಲವೇ ವಾರಗಳಲ್ಲಿ ಲುಮ್ಮಾ ಮತ್ತೆ ತಲೆ ಎತ್ತಿತು. ಆರೆಂಜ್ ಉದ್ಯೋಗಿಯ ಕಂಪ್ಯೂಟರಿಗೆ ಹೊಕ್ಕಿದ್ದ ರಕೂನ್ ಇದೆಯಲ್ಲ, ಅದರ ಹಿಂದಿದ್ದ ಒಬ್ಬನನ್ನು ನೆದರ್ಲೆಂಡ್ಸ್‌ನಲ್ಲಿ ಹಿಡಿದದ್ದು 2022ರ ಮಾರ್ಚ್‌ನಲ್ಲಿ. ಅಂದರೆ ಆರೆಂಜ್‌ಗೆ ಪೆಟ್ಟು ಕೊಟ್ಟದ್ದು ಬಂಧನ ಆಗಿ ಒಂದೂವರೆ ವರ್ಷದ ಮೇಲೆ, ಹೊಸ ಅವತಾರದಲ್ಲಿ. ಅಂಗಡಿ ಮುಚ್ಚಿದರೂ ಈಗಾಗಲೇ ಹಂಚಿಹೋದ ಲಾಗ್‌ಗಳು ವಾಪಸ್ ಬರುವುದಿಲ್ಲವಲ್ಲ.

ಕುಕೀ ಕದ್ದರೆ ಓಟಿಪಿ ಯಾರು ಕೇಳುತ್ತಾರೆ

ಪಾಸ್‌ವರ್ಡ್‌ಗಿಂತ ಕುಕೀ ಹೋಗುವುದು ಜಾಸ್ತಿ ಅಪಾಯ. ಇದನ್ನು ತಿಳಿಯಲು ಲಾಗಿನ್ ಹೇಗೆ ನಡೆಯುತ್ತದೆ ನೋಡಬೇಕು. ನೀವು ಹೆಸರು, ಪಾಸ್‌ವರ್ಡ್, ಓಟಿಪಿ ಎಲ್ಲ ಕೊಟ್ಟ ಮೇಲೆ ಸರ್ವರ್ ನಿಮ್ಮ ಬ್ರೌಸರಿಗೆ ಒಂದು ಗೇಟ್ ಪಾಸ್ ಕೊಡುತ್ತದೆ. ಆಮೇಲೆ ಪ್ರತಿ ಪುಟಕ್ಕೂ ಆ ಪಾಸ್ ತೋರಿಸಿದರೆ ಸಾಕು, ಹೊಸದಾಗಿ ಏನನ್ನೂ ಕೇಳುವುದಿಲ್ಲ. ಆ ಪಾಸೇ ಸೆಷನ್ ಕುಕೀ. ಅದರ ಮೇಲೆ ಫೋಟೋ ಇಲ್ಲ, ಸಹಿ ಇಲ್ಲ. ಯಾರ ಕೈಯಲ್ಲಿದ್ದರೂ ನಡೆಯುತ್ತದೆ. ಸ್ಟೀಲರ್ ಕದ್ದ ಕುಕೀಯನ್ನು ಇನ್ನೊಬ್ಬ ತನ್ನ ಬ್ರೌಸರಿಗೆ ಹಾಕಿಕೊಂಡರೆ ಸರ್ವರ್ ಪಾಲಿಗೆ ಅವನೇ ನೀವು. ಓಟಿಪಿ ತಪಾಸಣೆ ಆಗಲೇ ಮುಗಿದಿದೆ, ನೀವೇ ಮುಗಿಸಿಕೊಟ್ಟಿದ್ದೀರಿ.

2021ರಲ್ಲಿ ಗೇಮ್ ಕಂಪನಿ ಇಎಯಿಂದ ಸುಮಾರು 780 ಜಿಬಿ ಮಾಹಿತಿ ಕಳವಾಯಿತು, ಅದರಲ್ಲಿ ಗೇಮ್‌ಗಳ ಸೋರ್ಸ್ ಕೋಡ್ ಇತ್ತು. ದಾಳಿ ಮಾಡಿದವರೇ ಹೇಳಿಕೊಂಡಂತೆ ಶುರುವಾದದ್ದು ಹತ್ತು ಡಾಲರ್ ಕೊಟ್ಟು ಕೊಂಡ ಒಂದು ಸ್ಲ್ಯಾಕ್ ಕುಕೀಯಿಂದ. ಕಂಪನಿಯ ಒಳಗಿನ ಚಾಟ್‌ಗೆ ಬಂದು ಕೂತು, ಐಟಿ ವಿಭಾಗದವರಿಗೆ 'ಪಾರ್ಟಿಯಲ್ಲಿ ಫೋನ್ ಕಳೆದುಹೋಯಿತು' ಅಂತ ಹೇಳಿ ಹೊಸ ಟೋಕನ್ ಪಡೆದರಂತೆ. ಒಳಗಿನ ಚಾಟ್‌ನಲ್ಲಿ ಮಾತಾಡುತ್ತಿರುವವನು ಒಳಗಿನವನೇ ಅಂತ ಎಲ್ಲರೂ ನಂಬುತ್ತಾರೆ. ನೀವು ಹೊರಬಾಗಿಲಿಗೆ ಎಷ್ಟೇ ಬೀಗ ಹಾಕಿ, ಹಾಲ್‌ನಲ್ಲಿ ಕೂತವನ ಗುರುತಿನ ಚೀಟಿ ಯಾರೂ ಕೇಳುವುದಿಲ್ಲ.

ಸರ್ಕಲ್‌ಸಿಐ ಪ್ರಕರಣ ಇನ್ನೂ ಪಾಠದಂತಿದೆ, ಯಾಕೆಂದರೆ ಆ ಕಂಪನಿ ಮುಚ್ಚುಮರೆ ಇಲ್ಲದೆ ಎಲ್ಲವನ್ನೂ ಬರೆದು ಪ್ರಕಟಿಸಿತು. ಇತರ ಕಂಪನಿಗಳ ಕೋಡನ್ನು ಪರೀಕ್ಷಿಸಿ ಸರ್ವರಿಗೆ ಹಾಕಿಕೊಡುವ ಸೇವೆ ಅವರದ್ದು. ಹಾಗಾಗಿ ಸಾವಿರಾರು ಗಿರಾಕಿಗಳ ರಹಸ್ಯ ಕೀಗಳು ಅವರ ಬಳಿ ಇದ್ದವು. 2022ರ ಡಿಸೆಂಬರ್ 16ರಂದು ಒಬ್ಬ ಎಂಜಿನಿಯರ್‌ನ ಲ್ಯಾಪ್‌ಟಾಪಿಗೆ ಮಾಲ್‌ವೇರ್ ಬಂತು. ಆಂಟಿವೈರಸ್ ಹಿಡಿಯಲಿಲ್ಲ. ಎರಡು ಹಂತದ ತಪಾಸಣೆ ದಾಟಿ ಬಂದಿದ್ದ ಸೆಷನ್ ಕುಕೀ ಹೋಯಿತು. 22ರಂದು ಗಿರಾಕಿಗಳ ಕೀಗಳು ಹೊರಗೆ ಹೋದವು. ಜನವರಿ 4ರಂದು ಕಂಪನಿ ಎಲ್ಲ ಗಿರಾಕಿಗಳಿಗೂ 'ನಮ್ಮಲ್ಲಿ ಇಟ್ಟಿರುವ ಪ್ರತಿಯೊಂದು ರಹಸ್ಯ ಕೀಯನ್ನೂ ಬದಲಿಸಿ' ಎಂದು ಹೇಳಬೇಕಾಯಿತು. ಇಲ್ಲಿ ಎರಡು ಹಂತದ ತಪಾಸಣೆ ಇತ್ತು, ಆಂಟಿವೈರಸ್ ಇತ್ತು, ಕಂಪನಿ ಕೊಟ್ಟ ಲ್ಯಾಪ್‌ಟಾಪೇ ಆಗಿತ್ತು. ಮಾಡಬೇಕಾದ್ದನ್ನೆಲ್ಲ ಮಾಡಿದ್ದರು, ಆದರೂ ಆಯಿತು.

2023ರ ಕೊನೆಗೆ ಇನ್ನೊಂದು ವರಸೆ ಬಂತು. ಕೆಲವು ಸ್ಟೀಲರ್‌ಗಳು ಕದ್ದ ಟೋಕನ್ ಬಳಸಿ ಗೂಗಲ್ ಖಾತೆಯ ಸತ್ತ ಕುಕೀಗೆ ಮತ್ತೆ ಜೀವ ಕೊಡಲು ಕಲಿತವು, ಪಾಸ್‌ವರ್ಡ್ ಬದಲಿಸಿದ ಮೇಲೂ. ಆ ಬ್ರೌಸರಿನಲ್ಲಿ ಲಾಗ್‌ಔಟ್ ಮಾಡಿದರೆ ಅಥವಾ ಸಾಧನಗಳ ಪಟ್ಟಿಯಿಂದ ಅದನ್ನು ತೆಗೆದುಹಾಕಿದರೆ ಕದ್ದ ಸೆಷನ್ ಸಾಯುತ್ತದೆ ಎಂದು ಗೂಗಲ್ ಹೇಳಿತು. ಪಾಸ್‌ವರ್ಡ್ ಬದಲಿಸುವುದು ಒಂದು ಕೆಲಸ, ಸೆಷನ್ ಕೊಲ್ಲುವುದು ಇನ್ನೊಂದು ಕೆಲಸ. ಬಹಳ ಸೈಟ್‌ಗಳಲ್ಲಿ ಮೊದಲನೆಯದು ಮಾಡಿದರೆ ಎರಡನೆಯದು ತಾನಾಗಿ ಆಗುವುದಿಲ್ಲ, ಅದನ್ನು ಕಟ್ಟಿದವರಿಗೂ ಎಷ್ಟೋ ಸಲ ಅದು ನೆನಪಿರುವುದಿಲ್ಲ.

2020ರ ಲಾಗ್, 2024ರ ಕಳವು

ವರ್ಷಗಟ್ಟಲೆ ಚಾಲ್ತಿಯಲ್ಲಿದ್ದ ಮಾಲು ಅಂದೆನಲ್ಲ, ಅದು ಸ್ನೋಫ್ಲೇಕ್. ಕಂಪನಿಗಳು ತಮ್ಮ ಡೇಟಾ ರಾಶಿ ಹಾಕಿ ಇಡುವ ಕ್ಲೌಡ್ ಸೇವೆ ಅದು. 2024ರ ಮೇ, ಜುಲೈ ನಡುವೆ ಅದರ ಗಿರಾಕಿ ಕಂಪನಿಗಳ ಡೇಟಾ ಒಂದರ ಹಿಂದೊಂದು ಹೊರಬಂತು: ಟಿಕೆಟ್‌ಮಾಸ್ಟರ್, ಸ್ಯಾಂಟಾಂಡರ್ ಬ್ಯಾಂಕ್, ಎಟಿ ಅಂಡ್ ಟಿ. ಸುಮಾರು 165 ಸಂಸ್ಥೆಗಳಿಗೆ ಎಚ್ಚರಿಕೆ ಹೋಯಿತು. ತನಿಖೆ ಮಾಡಿದ ಮ್ಯಾಂಡಿಯಂಟ್ ಹೇಳಿದ್ದು ಇಷ್ಟು: ಸ್ನೋಫ್ಲೇಕ್‌ನ ಸ್ವಂತ ವ್ಯವಸ್ಥೆಯನ್ನು ಯಾರೂ ಒಡೆದ ಕುರುಹಿಲ್ಲ, ಗಿರಾಕಿಗಳ ಲಾಗಿನ್‌ಗಳನ್ನೇ ಬಳಸಿದ್ದಾರೆ, ಆ ಲಾಗಿನ್‌ಗಳು ಇನ್ಫೋಸ್ಟೀಲರ್ ಲಾಗ್‌ಗಳಿಂದ ಬಂದವು. ಅದರಲ್ಲಿ ಅತಿ ಹಳೆಯದು 2020ರ ನವೆಂಬರ್‌ನದ್ದು. ಬಳಕೆಯಾದ ಖಾತೆಗಳಲ್ಲಿ ಹತ್ತಕ್ಕೆ ಸುಮಾರು ಎಂಟು ಮೊದಲೇ ಯಾವುದೋ ಲಾಗ್‌ನಲ್ಲಿ ಸೋರಿದ್ದವು.

ಅಂದರೆ ಪಾಸ್‌ವರ್ಡ್ ಮೂರು ಮೂರೂವರೆ ವರ್ಷ ಸಂತೆಯಲ್ಲಿ ಬಿದ್ದಿತ್ತು, ಯಾರೂ ಬದಲಿಸಿರಲಿಲ್ಲ. ಎರಡನೇ ಹಂತದ ತಪಾಸಣೆ ಹಾಕಿರಲಿಲ್ಲ. ಇಂಥಿಂಥ ವಿಳಾಸದಿಂದ ಬಂದರೆ ಮಾತ್ರ ಬಿಡು ಎಂಬ ನಿರ್ಬಂಧವೂ ಇರಲಿಲ್ಲ. ಮೂರರಲ್ಲಿ ಯಾವುದಾದರೂ ಒಂದು ಇದ್ದಿದ್ದರೆ ಆ ಲಾಗ್ ಬರೀ ಹಳೇ ಕಸ. ಅಷ್ಟೇ ಅಲ್ಲ, ಕೆಲವು ಲಾಗ್‌ಗಳು ಹೊರಗುತ್ತಿಗೆಯವರ ಕಂಪ್ಯೂಟರುಗಳಿಂದ ಬಂದಿದ್ದವು. ಅವರು ಅದೇ ಯಂತ್ರದಲ್ಲಿ ಗೇಮ್ ಆಡುತ್ತಿದ್ದರು, ಪೈರೇಟೆಡ್ ಸಾಫ್ಟ್‌ವೇರ್ ಇಳಿಸಿಕೊಳ್ಳುತ್ತಿದ್ದರು. ಒಬ್ಬ ಗುತ್ತಿಗೆದಾರ ನಾಲ್ಕಾರು ಕಂಪನಿಗಳಿಗೆ ಕೆಲಸ ಮಾಡುತ್ತಿದ್ದರೆ ಒಂದೇ ಲಾಗ್‌ನಲ್ಲಿ ನಾಲ್ಕಾರು ಕಂಪನಿಗಳ ಬಾಗಿಲು ತೆರೆದುಕೊಳ್ಳುತ್ತವೆ.

ಉಬರ್‌ಗೂ 2022ರ ಸೆಪ್ಟೆಂಬರ್‌ನಲ್ಲಿ ಆದದ್ದು ಹೆಚ್ಚುಕಡಿಮೆ ಇದೇ. ಗುತ್ತಿಗೆದಾರನ ಸ್ವಂತ ಸಾಧನದಲ್ಲಿ ಮಾಲ್‌ವೇರ್, ಮಾರಾಟಕ್ಕೆ ಬಂದ ಪಾಸ್‌ವರ್ಡ್, ಆಮೇಲೆ ಫೋನಿಗೆ ಮೇಲಿಂದ ಮೇಲೆ 'ಒಪ್ಪಿಗೆ ಕೊಡಿ' ಎಂಬ ಕೋರಿಕೆ. ಕೊನೆಗೆ ಒಂದು ಸಲ ಒತ್ತಿಬಿಟ್ಟ. ಬೇರೆ ಕಂಪನಿಗಳ ಲಾಗಿನ್ ವ್ಯವಸ್ಥೆ ನೋಡಿಕೊಳ್ಳುವ ಒಕ್ಟಾದ್ದು ಇನ್ನೂ ಸೂಕ್ಷ್ಮ. 2023ರಲ್ಲಿ ಅಲ್ಲಿನ ಒಬ್ಬ ಉದ್ಯೋಗಿ ಆಫೀಸ್ ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ತನ್ನ ಸ್ವಂತ ಗೂಗಲ್ ಖಾತೆಗೆ ಸೈನ್ ಇನ್ ಆಗಿದ್ದ. ಆಫೀಸಿನ ಒಂದು ಸರ್ವಿಸ್ ಖಾತೆಯ ಪಾಸ್‌ವರ್ಡ್ ಆ ಸ್ವಂತ ಖಾತೆಯಲ್ಲಿ ಉಳಿದುಕೊಂಡಿತು. ಅಲ್ಲಿಂದ ಅದು ಸೋರಿ, 134 ಗಿರಾಕಿ ಸಂಸ್ಥೆಗಳ ಫೈಲ್‌ಗಳಿಗೆ ಕೈ ಹೋಯಿತು. ನಾವೆಲ್ಲ ದಿನಾ ಒತ್ತುವ 'ಪಾಸ್‌ವರ್ಡ್ ಉಳಿಸಲೇ?' ಎಂಬ ಬಟನ್ ಆಫೀಸಿನ ಕೀಲಿಯನ್ನು ಮನೆಯ ಕಂಪ್ಯೂಟರಿಗೂ ಕಳಿಸುತ್ತಿರುತ್ತದೆ. ಅಲ್ಲಿ ಅದನ್ನು ಮಕ್ಕಳೋ, ಅವರ ಗೆಳೆಯರೋ ಇಳಿಸಿಕೊಂಡ ಗೇಮ್ ಬಾಚಿಕೊಂಡು ಹೋಗುತ್ತದೆ. ನಾನೂ ವರ್ಷಗಟ್ಟಲೆ ಹಾಗೇ ಉಳಿಸುತ್ತಿದ್ದೆ, ಸುಳ್ಳು ಹೇಳಲ್ಲ.

ಗಿರಾಕಿಯ ತಪ್ಪು, ಕಂಪನಿಯ ಹೆಸರು

ಇಷ್ಟು ಹೊತ್ತು ಉದ್ಯೋಗಿಗಳ ಲಾಗಿನ್ ಬಗ್ಗೆ ಹೇಳಿದೆ. ಆನ್‌ಲೈನ್ ಕಂಪನಿಯ ಹೆಸರು ಲಾಗ್‌ಗಳಲ್ಲಿ ಕಾಣಿಸಿಕೊಳ್ಳುವುದು ಗಿರಾಕಿಗಳಿಂದಲೇ ಜಾಸ್ತಿ. ಅವರ ಕಂಪ್ಯೂಟರ್ ನಿಮ್ಮದಲ್ಲ, ಅವರು ಏನು ಇಳಿಸಿಕೊಳ್ಳುತ್ತಾರೆ ಅಂತ ನೀವು ಕಾಯಲಾಗುವುದಿಲ್ಲ. ಹಾಗಾದರೆ ಅದು ಅವರ ಕರ್ಮ ಅಂತ ಬಿಡಬಹುದಾ?

23ಅಂಡ್‌ಮಿ ಹಾಗೇ ಬಿಡಲು ನೋಡಿತು. 2023ರಲ್ಲಿ ಬೇರೆ ಕಡೆ ಸೋರಿದ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹಾಕಿ ನೋಡಿ, ಆ ಡಿಎನ್ಎ ಪರೀಕ್ಷಾ ಕಂಪನಿಯ ಸುಮಾರು 14,000 ಖಾತೆಗಳಿಗೆ ಕಳ್ಳರು ಹೊಕ್ಕರು. ಸಂಬಂಧಿಕರನ್ನು ಹುಡುಕುವ ಸೌಲಭ್ಯದ ಮೂಲಕ ಅಲ್ಲಿಂದ 69 ಲಕ್ಷ ಜನರ ವಿವರ ಎಳೆದರು. ಗಿರಾಕಿಗಳು ಹಳೇ ಪಾಸ್‌ವರ್ಡನ್ನೇ ಮತ್ತೆ ಬಳಸಿದ್ದು ತಪ್ಪು ಎಂದು ಕಂಪನಿಯ ವಕೀಲರು ಬರೆದರು. ಆ 14,000 ಜನರ ಮಟ್ಟಿಗೆ ಅದು ನಿಜವೇ ಇರಬಹುದು. ಉಳಿದವರ ಪಾಸ್‌ವರ್ಡ್ ಸರಿಯಾಗಿಯೇ ಇತ್ತಲ್ಲ! 2025ರ ಜೂನ್‌ನಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 23 ಲಕ್ಷ ಪೌಂಡಿಗೂ ಹೆಚ್ಚು ದಂಡ ಹಾಕಿತು. ಎರಡನೇ ಹಂತದ ತಪಾಸಣೆಯನ್ನು ಕಡ್ಡಾಯ ಮಾಡದಿದ್ದದ್ದು ಅವರು ಎತ್ತಿ ತೋರಿಸಿದ ಲೋಪಗಳಲ್ಲಿ ಒಂದು. ರೋಕು ಎಂಬ ಟಿವಿ ಸ್ಟ್ರೀಮಿಂಗ್ ಕಂಪನಿಗೂ 2024ರಲ್ಲಿ ಇದೇ ಥರದ ದಾಳಿಯಲ್ಲಿ 5,76,000 ಖಾತೆ ಹೋದವು. ಅವರು ಗಿರಾಕಿಗಳಿಗೆ ಬುದ್ಧಿ ಹೇಳುತ್ತಾ ಕೂರದೆ, ದಾಳಿಗೆ ಸಿಗದವರದ್ದೂ ಸೇರಿ ಎಲ್ಲ ಖಾತೆಗಳಿಗೂ ಎರಡನೇ ಹಂತದ ತಪಾಸಣೆ ಹಾಕಿದರು. ಕಿರಿಕಿರಿ ಆಗಿರಬಹುದು, ಆದರೂ ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ.

ಗಿರಾಕಿಯ ಲಾಗಿನ್ ಹೊತ್ತಿಗೆ ಇನ್ನೊಂದು ಸುಲಭದ ಕೆಲಸ ಮಾಡಬಹುದು. ಆ ಪಾಸ್‌ವರ್ಡ್ ಈಗಾಗಲೇ ಸೋರಿದ ಪಟ್ಟಿಯಲ್ಲಿದೆಯಾ ಅಂತ ನೋಡುವುದು. 'ಹ್ಯಾವ್ ಐ ಬೀನ್ ಪೌನ್ಡ್' ಸೇವೆ ಇದನ್ನು ಉಚಿತವಾಗಿ ಕೊಡುತ್ತದೆ. ಪಾಸ್‌ವರ್ಡನ್ನು ಅವರಿಗೆ ಕಳಿಸುವ ಅಗತ್ಯವೇ ಇಲ್ಲ, ಅದರ ಹ್ಯಾಶ್‌ನ (ಪಾಸ್‌ವರ್ಡಿನಿಂದ ಲೆಕ್ಕ ಹಾಕಿ ತೆಗೆದ, ವಾಪಸ್ ಬಿಡಿಸಲಾಗದ ಅಕ್ಷರಗಳ ಸಾಲು) ಮೊದಲ ಐದು ಅಕ್ಷರ ಕಳಿಸಿದರೆ ಆ ಐದರಿಂದ ಶುರುವಾಗುವ ಎಲ್ಲವೂ ಬರುತ್ತವೆ, ಹೊಂದುತ್ತದಾ ಅಂತ ನೀವೇ ನಿಮ್ಮ ಸರ್ವರಿನಲ್ಲಿ ನೋಡಿಕೊಳ್ಳಬಹುದು. 2025ರ ಫೆಬ್ರವರಿಯಲ್ಲಿ ಇದೇ ಸೇವೆಗೆ ಸ್ಟೀಲರ್ ಲಾಗ್‌ಗಳ ಒಂದು ದೊಡ್ಡ ರಾಶಿಯಿಂದ 28.4 ಕೋಟಿ ಇಮೇಲ್ ವಿಳಾಸ ಸೇರಿದವು. ತಮ್ಮ ಸೈಟಿನ ಡೊಮೇನ್ ಹಾಕಿ, ಯಾವ ಗಿರಾಕಿಗಳ ವಿಳಾಸ ಆ ಲಾಗ್‌ಗಳಲ್ಲಿದೆ ಎಂದು ನೋಡುವ ಅನುಕೂಲವೂ ಕಂಪನಿಗಳಿಗೆ ಸಿಕ್ಕಿತು.

ಅಂಕಿ ದೊಡ್ಡದಿದ್ದಷ್ಟೂ ಸುದ್ದಿ ದೊಡ್ಡದು ಅಂತ ಮಾತ್ರ ನಂಬಬೇಡಿ. 2025ರ ಜೂನ್‌ನಲ್ಲಿ '1600 ಕೋಟಿ ಪಾಸ್‌ವರ್ಡ್ ಸೋರಿಕೆ' ಎಂಬ ಸುದ್ದಿ ಎಲ್ಲ ಕಡೆ ಓಡಾಡಿತು, ಗೂಗಲ್ ಆಪಲ್ ಫೇಸ್‌ಬುಕ್ ಎಲ್ಲ ಒಡೆದುಹೋದವು ಎಂಬಂತೆ. ಆ ಕಂಪನಿಗಳು ಯಾವುವೂ ಒಡೆದಿರಲಿಲ್ಲ. ಬಹುಪಾಲು ಹಳೇ ಸ್ಟೀಲರ್ ಲಾಗ್‌ಗಳನ್ನೇ ಒಟ್ಟು ಮಾಡಿದ ರಾಶಿ, ಒಂದೇ ಸಾಲು ಎಷ್ಟೋ ಸಲ ಬಂದಿರುವಂಥದ್ದು. ಇಂಥ ಸುದ್ದಿ ಬಂದಾಗಲೆಲ್ಲ ಎಲ್ಲ ಗಿರಾಕಿಗಳಿಗೂ 'ತಕ್ಷಣ ಪಾಸ್‌ವರ್ಡ್ ಬದಲಿಸಿ' ಎಂದು ಮೇಲ್ ಹಾಕಿದರೆ, ನಿಜವಾಗಿ ಹೊತ್ತಿ ಉರಿಯುವ ದಿನ ಆ ಮೇಲ್ ಯಾರೂ ತೆರೆಯುವುದಿಲ್ಲ.

ಲಾಗ್ ಸಿಕ್ಕ ದಿನ

ನಿಮ್ಮ ಉದ್ಯೋಗಿಯ ಹೆಸರಿರುವ ಲಾಗ್ ಎಲ್ಲೋ ಸಿಕ್ಕಿತು ಅಂತಿಟ್ಟುಕೊಳ್ಳಿ. ನಾನು ಕಂಡಂತೆ ಎಲ್ಲರೂ ಮಾಡುವ ಮೊದಲ ಕೆಲಸ ಆ ಉದ್ಯೋಗಿಗೆ ಫೋನ್ ಮಾಡಿ ಪಾಸ್‌ವರ್ಡ್ ಬದಲಿಸಲು ಹೇಳುವುದು. ಅವರು ಪಾಪ, ಅದೇ ಕಂಪ್ಯೂಟರಿನಲ್ಲಿ ಕೂತು ಬದಲಿಸುತ್ತಾರೆ. ಸ್ಟೀಲರ್ ಇನ್ನೂ ಅಲ್ಲೇ ಇದ್ದರೆ ಹೊಸದೂ ಹೋಯಿತು. ಕುಕೀ ಹೇಗೂ ಆಗಲೇ ಹೋಗಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಮೊದಲು ಆ ಯಂತ್ರವನ್ನು ಜಾಲದಿಂದ ಬಿಡಿಸಬೇಕು. ಆಮೇಲೆ ಕಂಪನಿಯ ಕಡೆಯಿಂದಲೇ ಆ ವ್ಯಕ್ತಿಯ ಎಲ್ಲ ಸೆಷನ್ ಕೊಲ್ಲಬೇಕು. ಮೇಲ್, ಚಾಟ್, ಕೋಡ್ ಇಡುವ ಜಾಗ, ಕ್ಲೌಡ್, ಪೇಮೆಂಟ್ ಪ್ಯಾನೆಲ್, ಯಾವುದನ್ನೂ ಬಿಡದೆ. ಎಪಿಐ ಕೀ, ರಿಫ್ರೆಶ್ ಟೋಕನ್, ಎಸ್ಎಸ್ಎಚ್ ಕೀ, ಹೀಗೆ ಪಾಸ್‌ವರ್ಡ್ ಕೇಳದೆಯೇ ಒಳಗೆ ಬಿಡುವ ಕೀಗಳೆಲ್ಲವನ್ನೂ ರದ್ದು ಮಾಡಿ ಹೊಸದು ಕೊಡಬೇಕು. ಪಾಸ್‌ವರ್ಡ್ ಬದಲಿಸುವುದು ಇದೆಲ್ಲ ಆದ ಮೇಲೆ, ಬೇರೆ ಕಂಪ್ಯೂಟರಿನಿಂದ. ಅಷ್ಟಕ್ಕೇ ನಿಲ್ಲಿಸಬೇಡಿ, ಲಾಗ್ ಪೂರ್ತಿ ಓದಿ. ನೀವು ಹುಡುಕಿದ್ದು ಒಂದು ಲಾಗಿನ್, ಅದೇ ಲಾಗ್‌ನಲ್ಲಿ ಇನ್ನೂ ನೂರಾರು ಇರುತ್ತವೆ, ಅದರಲ್ಲಿ ಯಾರೂ ಲೆಕ್ಕಕ್ಕೆ ಇಡದ ಹಳೇ ಟೆಸ್ಟ್ ಸರ್ವರ್ ಒಂದು ಇರುತ್ತದೆ.

ಕೊನೆಯ ಕೆಲಸ ಎಲ್ಲರಿಗೂ ಬೇಸರದ್ದು. ಲಾಗ್‌ನಲ್ಲಿ ಕಂಪ್ಯೂಟರಿಗೆ ಮಾಲ್‌ವೇರ್ ಬಂದ ತಾರೀಕು ಇರುತ್ತದೆ. ಆ ತಾರೀಕಿನಿಂದ ಇವತ್ತಿನವರೆಗೆ ಆ ಖಾತೆಯಿಂದ ಏನೇನು ನಡೆದಿದೆ ನೋಡಬೇಕು. ಹೊಸ ಫೋನನ್ನು ಓಟಿಪಿಗೆ ಸೇರಿಸಿದ್ದಾರಾ, ಮೇಲ್ ಬೇರೆ ವಿಳಾಸಕ್ಕೆ ಹೋಗುವ ನಿಯಮ ಹಾಕಿದ್ದಾರಾ, ಯಾವುದೋ ಹೊರಗಿನ ಆ್ಯಪ್‌ಗೆ ಖಾತೆಯ ಅನುಮತಿ ಕೊಟ್ಟಿದ್ದಾರಾ. ಒಳ ಬಂದವನು ಇನ್ನೊಂದು ಬಾಗಿಲು ತೆರೆದಿಟ್ಟುಕೊಂಡಿದ್ದರೆ ಮೊದಲಿನ ಬಾಗಿಲು ಮುಚ್ಚಿ ಏನು ಬಂತು? ಮತ್ತೆ, ಆ ಉದ್ಯೋಗಿಯನ್ನು ಎಲ್ಲರ ಮುಂದೆ ಬೈಯಬೇಡಿ. ಒಮ್ಮೆ ಬೈದರೆ ಮುಂದಿನ ಸಲ ಅನುಮಾನ ಬಂದವರು ಬಾಯಿ ಬಿಡುವುದಿಲ್ಲ, ನಿಮಗೆ ತಿಳಿಯುವ ಹೊತ್ತಿಗೆ ನಾಲ್ಕು ತಿಂಗಳು ಆಗಿರುತ್ತದೆ.

ಪಾಸ್‌ಕೀ, ಅಂದರೆ ಪಾಸ್‌ವರ್ಡ್ ಬದಲು ನಿಮ್ಮ ಸಾಧನದಲ್ಲೇ ಇರುವ ಕೀಯಿಂದ ಲಾಗಿನ್ ಆಗುವ ವಿಧಾನ, ಬಂದರೆ ಇದೆಲ್ಲ ತೀರುತ್ತದೆ ಅನ್ನುವವರಿದ್ದಾರೆ. ಪಾಸ್‌ಕೀ ಒಳ್ಳೆಯದೇ, ಹಾಕಿಕೊಳ್ಳಿ. ನಕಲಿ ಪುಟಕ್ಕೆ ಪಾಸ್‌ವರ್ಡ್ ಕೊಡುವುದು, ಒಂದೇ ಪಾಸ್‌ವರ್ಡ್ ಹತ್ತು ಕಡೆ ಬಳಸುವುದು ಎರಡೂ ಅದರಿಂದ ನಿಲ್ಲುತ್ತವೆ. ಆದರೆ ಪಾಸ್‌ಕೀಯಿಂದ ಲಾಗಿನ್ ಆದ ಮೇಲೂ ಸರ್ವರ್ ಕೊಡುವುದು ಅದೇ ಗೇಟ್ ಪಾಸ್, ಅದೇ ಕುಕೀ. ಅದಕ್ಕೆ ಮದ್ದು ಎಂದು ಗೂಗಲ್ 2024ರ ಏಪ್ರಿಲ್‌ನಲ್ಲಿ ಮುಂದಿಟ್ಟದ್ದು ಸೆಷನ್ನನ್ನು ಆ ಯಂತ್ರಕ್ಕೇ ಕಟ್ಟಿಹಾಕುವ ವಿಧಾನ. ಕಂಪ್ಯೂಟರಿನ ಸುರಕ್ಷತಾ ಚಿಪ್ ಒಳಗೆ ಹೊರಕ್ಕೆ ತೆಗೆಯಲಾಗದ ಒಂದು ಕೀ ಇರುತ್ತದೆ, ಕುಕೀಯ ಆಯಸ್ಸು ಬಹಳ ಕಡಿಮೆ, ಮತ್ತೆ ಮತ್ತೆ ಆ ಕೀ ತೋರಿಸಿದರೆ ಮಾತ್ರ ಹೊಸ ಕುಕೀ. ಕದ್ದೊಯ್ದವನ ಬಳಿ ಚಿಪ್ ಇಲ್ಲ, ಕುಕೀ ಬೇಗ ಹಳಸಿಹೋಗುತ್ತದೆ. ನನಗೆ ಇದರ ಮೇಲೆ ಭರವಸೆ ಇದೆ, ಆದರೆ ಎಲ್ಲ ಬ್ರೌಸರ್, ಎಲ್ಲ ಸೈಟಿಗೆ ಬರಲು ಸಮಯ ಬೇಕು.

ಅಲ್ಲಿಯವರೆಗೆ ಆಯಸ್ಸನ್ನು ನೀವೇ ಕತ್ತರಿಸಬೇಕು. ಎಲ್ಲರನ್ನೂ ದಿನಾ ಲಾಗ್‌ಔಟ್ ಮಾಡಿದರೆ ಗಿರಾಕಿಗಳು ಓಡಿಹೋಗುತ್ತಾರೆ, ಅದು ಬೇಡ. ಗಿರಾಕಿ ಸುಮ್ನೆ ಪುಟ ನೋಡುತ್ತಿದ್ದರೆ ತಿಂಗಳುಗಟ್ಟಲೆ ಲಾಗಿನ್ ಇರಲಿ ಬಿಡಿ. ಇಮೇಲ್ ಬದಲಿಸುವಾಗ, ಹಣ ಕಳಿಸುವಾಗ, ಡೇಟಾ ಪೂರ್ತಿ ಇಳಿಸಿಕೊಳ್ಳುವಾಗ ಮತ್ತೆ ಕೇಳಿ. ಅಡ್ಮಿನ್ ಪ್ಯಾನೆಲ್ ಮಾತ್ರ ಬೇರೆ ಲೆಕ್ಕ. ಅಲ್ಲಿ ಮೂವತ್ತು ದಿನದ ಸೆಷನ್ ಇಟ್ಟಿರುವ ಕಂಪನಿಗಳನ್ನು ನೋಡಿದ್ದೇನೆ, ಕೇಳಿದರೆ 'ದಿನಾ ಲಾಗಿನ್ ಆಗೋದು ಬೇಜಾರು' ಅಂತಾರೆ.

ನಿಮ್ಮಲ್ಲಿ ಹೇಗಿದೆ ಅಂತ ನೋಡಲು ಒಂದು ಚಿಕ್ಕ ಪರೀಕ್ಷೆ ಇದೆ, ಅರ್ಧ ಗಂಟೆಯ ಕೆಲಸ. ನಿಮ್ಮದೇ ಅಡ್ಮಿನ್ ಪ್ಯಾನೆಲ್‌ಗೆ ನಿಮ್ಮದೇ ಖಾತೆಯಿಂದ ಲಾಗಿನ್ ಆಗಿ, ಬ್ರೌಸರಿನ ಡೆವಲಪರ್ ಟೂಲ್‌ನಿಂದ ಸೆಷನ್ ಕುಕೀ ನಕಲು ಮಾಡಿ, ಬೇರೆ ಕಂಪ್ಯೂಟರಿನ ಬ್ರೌಸರಿಗೆ ಹಾಕಿ. ಆಫೀಸ್ ವೈಫೈ ಬೇಡ, ಮೊಬೈಲ್ ಇಂಟರ್ನೆಟ್ಟಿನಿಂದ ತೆರೆಯಿರಿ. ಒಳಗೆ ಬಿಟ್ಟಿತಾ? ಯಾರಿಗಾದರೂ ಒಂದು ಎಚ್ಚರಿಕೆ ಹೋಯಿತಾ? ಈಗ ಮೊದಲ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಬದಲಿಸಿ, ಎರಡನೇ ಕಂಪ್ಯೂಟರಿನಲ್ಲಿ ಪುಟವನ್ನು ರಿಫ್ರೆಶ್ ಮಾಡಿ. ಇನ್ನೂ ತೆರೆದುಕೊಂಡರೆ ಹಾಗೇ ಬಿಟ್ಟು, ನಾಳೆ ಮತ್ತೆ ರಿಫ್ರೆಶ್ ಮಾಡಿ, ನಾಡಿದ್ದು ಮತ್ತೊಮ್ಮೆ ಮಾಡಿ. ಅದು ನಿಮ್ಮನ್ನು ಹೊರಗೆ ಹಾಕುವ ತಾರೀಕನ್ನು ಬರೆದಿಟ್ಟುಕೊಳ್ಳಿ.